ಮಂಜಿನೊಳಗೆ ಇಳಿದ ಖಾಲಿ ಡಬ್ಬಿ

"ನನ್ನ ಮಗಳನ್ನ ಹುಡುಕಿಕೊಡಿ ತಾಯಿ! ತಂಗುದಾಣದ ಕಿಟಕಿಯಿಂದ ನೋಡಿದೆ. ಕೇಬಲ್ ಕಾರಿನ ಡಬ್ಬಿಯೊಳಗೆ ಕೂತಿದ್ದಳು. ಅವಳಿಗೆ ಮುಖವೇ ಇರಲಿಲ್ಲ!"

ಮುದುಕಿಯ ಮಾತಿಗೆ ಕಂಪೌಂಡರನ ಮೈ ಜುಮ್ಮೆಂದಿತು. ಹಾಗೆಂದು ಒಪ್ಪಿಕೊಳ್ಳುವ ಆಸಾಮಿ ಅವನಲ್ಲ. "ಮಂಜು ಅಜ್ಜಿ, ಮಂಜು! ಕಣ್ಣಿಗೆ ಏನೇನೋ ಕಾಣುತ್ತೆ" ಎಂದು ಗದರಿದ.

"ನೀನು ಬಾಯಿ ಮುಚ್ಚು" ಎಂದರು ಇನ್ಸ್‌ಪೆಕ್ಟರಮ್ಮ. ನಿವೃತ್ತಿಯಾದ ಮೇಲೆ ಅವರು ಬೆಟ್ಟದ ತುದಿಯ ಅತಿಥಿಗೃಹದಲ್ಲೇ ನೆಲೆಸಿದ್ದರು. ಅವರ ಮಂಡಿಗೆ ಮುಲಾಮು ತಿಕ್ಕಲು ಬಂದ ಕಂಪೌಂಡರ್ ಬಾಲದಂತೆ ಅಂಟಿಕೊಂಡಿದ್ದ.

ನಡೆದದ್ದು ಇಷ್ಟು. ರಜೆಗೆಂದು ಮುದುಕಿ, ಮಗಳು, ಅಳಿಯ, ಮಗ ಕೇಬಲ್ ಕಾರಿನಲ್ಲಿ ಬೆಟ್ಟಕ್ಕೆ ಬಂದಿದ್ದರು. ಕಾರು ಅಪಘಾತದಲ್ಲಿ ಮನೆಯ ಯಜಮಾನರು ಹೋದ ಮೇಲೆ ಎಲ್ಲರೂ ಒಟ್ಟಿಗೆ ಹೊರಟದ್ದು ಇದೇ ಮೊದಲು. ಮಧ್ಯಾಹ್ನ ಮಗಳೊಬ್ಬಳೇ ಕೆಳಗಿಳಿಯುವ ಡಬ್ಬಿ ಹತ್ತಿದಳಂತೆ. ಅದು ಕೆಳಗೆ ಮುಟ್ಟಿದಾಗ ಒಳಗಿದ್ದದ್ದು ಅವಳ ಕೋಟು, ಶಾಲು ಮಾತ್ರ.

"ಜಗಳ ಆಡಿದ್ದು ನಿಜ" ಎಂದ ಅಳಿಯ, ತಲೆಯೆತ್ತದೆ. "ಬೆಳಿಗ್ಗೆಯಿಂದ ಏನೋ ಮಾತು ನುಂಗಿಕೊಂಡೇ ಇದ್ದಳು. ಕೇಳಿದ್ದಕ್ಕೆ ರೇಗಿದಳು. ನಾನು ಸಿಟ್ಟಿಗೆ ಬಂಡೆ ಕಡೆ ಹೋಗಿ ಕೂತೆ."

"ಭಾವನ ಕಾಟಕ್ಕೇ ಅಕ್ಕ ಹಾರಿಕೊಂಡಳು!" ಮಗ ಬಿಕ್ಕಿದ. "ನಾನೇ ಕಳಿಸಿಕೊಟ್ಟೆ ಮೇಡಂ. ಡಬ್ಬಿ ಹೊರಟಾಗ ತಿರುಗಿ ನೋಡಿ ಕೈ ಬೀಸಿದಳು."

ಕಂಪೌಂಡರ್ ಅಳಿಯನ ಕೊರಳಪಟ್ಟಿಗೆ ಕೈ ಹಾಕಿಯೇಬಿಟ್ಟ. ಇನ್ಸ್‌ಪೆಕ್ಟರಮ್ಮ ಕೋಲಿನಿಂದ ಆ ಕೈಗೊಂದು ಬಿಗಿದು, ಕೆಳಗಿನ ನಿಲ್ದಾಣಕ್ಕೆ ಫೋನ್ ಮಾಡಿದರು.

"ಹೊರಗಿನ ಚಿಲಕ ಹಾಕಿದ್ದು ಹಾಕಿದ ಹಾಗೇ ಇತ್ತಮ್ಮ" ಎಂದ ಅಲ್ಲಿನ ಆಪರೇಟರ್. "ಒಳಗಿಂದ ತೆಗೆಯೋಕಾಗಲ್ಲ. ಕಿಟಕಿ ಸಂದೀಲಿ ಬೆಕ್ಕೂ ತೂರಲ್ಲ. ಇದು ದೆವ್ವದ ಕೆಲಸ!"

"ಕೋಟಿನ ಗುಂಡಿ?"

"ಕತ್ತಿನವರೆಗೂ ಹಾಕಿತ್ತು. ಸೀಟಿನ ಬೆನ್ನಿಗೆ ತೊಡಿಸಿದ ಹಾಗಿತ್ತು. ಮೇಲೆ ಶಾಲು."

ಇನ್ಸ್‌ಪೆಕ್ಟರಮ್ಮ ಫೋನಿಟ್ಟು ಕಂಪೌಂಡರನ ಕಿವಿಯಲ್ಲಿ ಪಿಸುಗುಟ್ಟಿದರು. "ಅವಳು ಕೆಳಗೆ ಹೋಗೇ ಇಲ್ಲ. ಈ ನಿಲ್ದಾಣದ ಬೇಲಿಯಾಚೆ ಹುಡುಕು."

ನಿಲ್ದಾಣದ ಹಿಂದಿನ ಇಳಿಜಾರಿನಲ್ಲಿ ಅವಳು ಬಿದ್ದಿದ್ದಳು. ಮೈಮೇಲೆ ಕೋಟಿರಲಿಲ್ಲ. ತಲೆಯ ಹಿಂಭಾಗ ಒಡೆದಿತ್ತು. ಕಂಪೌಂಡರ್ ಮೂಗಿನ ಬಳಿ ಬೆರಳು ಹಿಡಿದು ನೋಡಿದ. ಉಸಿರಿರಲಿಲ್ಲ. ಮಂಜಿನೊಳಗಿಂದ ಖಾಲಿ ಡಬ್ಬಿಗಳು ಒಂದೊಂದೇ ಮೇಲೆ ಬರುತ್ತಿದ್ದವು. ಅವನು ಅವುಗಳ ಒಳಗೆ ಇಣುಕಲಿಲ್ಲ.

ತಂಗುದಾಣದಲ್ಲಿ ಎಲ್ಲರೂ ಸೇರಿದರು. ಇನ್ಸ್‌ಪೆಕ್ಟರಮ್ಮ ಮೇಲಿನ ಆಪರೇಟರನನ್ನು ಮೊದಲು ಕೇಳಿದರು.

"ನಾನು ಚಿಲಕ ಹಾಕೋಕೆ ಬಂದಾಗ ಅವರು ಆಗಲೇ ಬೆನ್ನು ಮಾಡಿ ಕೂತಿದ್ದರು. ತಲೆನೋವು, ಮಾತಾಡಿಸಬೇಡಿ ಅಂತ ಅವರ ತಮ್ಮ ಅಂದರು" ಎಂದ ಆತ.

"ಸರಿ, ಕೇಳಿ" ಎಂದರು ಇನ್ಸ್‌ಪೆಕ್ಟರಮ್ಮ. "ಚಿಲಕ ಹೊರಗಿತ್ತು, ಅಂದಮೇಲೆ ಹಾರಿದ್ದು ಸುಳ್ಳು. ಹಾರೋವಳು ಬಿಚ್ಚಿದ ಕೋಟಿಗೆ ಮತ್ತೆ ಗುಂಡಿ ಹಾಕ್ತಾ ಕೂರಲ್ಲ. ಡಬ್ಬೀಲಿ ಹೋದದ್ದು ಬರೀ ಬಟ್ಟೆ. ಅಜ್ಜಿ ಕಣ್ಣು ಸರಿಯಾಗೇ ಇದೆ, ಶಾಲಿನ ಕೆಳಗೆ ಮುಖ ಇರಲಿಲ್ಲ. ಕೊಂದು, ಕೋಟು ಬಿಚ್ಚಿಕೊಂಡು, ಹೆಣವನ್ನ ಬೇಲಿಯಾಚೆ ಉರುಳಿಸಿದ್ದಾರೆ. ಯಾರು? ಖಾಲಿ ಕೋಟು ತಿರುಗಿ ಕೈ ಬೀಸಿದ್ದನ್ನ ಕಂಡವನು ನೀನೊಬ್ಬನೇ ಕಣಪ್ಪ."

ಮಗ ಬಾಯಿಬಿಟ್ಟ. "ಅಪಘಾತದ ದಿನ ಕಾರು ಓಡಿಸ್ತಿದ್ದದ್ದು ಅಪ್ಪ ಅಲ್ಲ, ನಾನು. ಕುಡಿದಿದ್ದೆ. ಅಕ್ಕನಿಗೆ ಗೊತ್ತಾಗಿಹೋಯ್ತು. ಇವತ್ತೇ ಅಮ್ಮನಿಗೆ ಹೇಳ್ತೀನಿ ಅಂತ ಹಟ ಹಿಡಿದಳು. ಅಮ್ಮ ನನ್ನ ಮುಖ ನೋಡಲ್ಲ ಅಂತ..."

"ಥೂ, ಪಾಪಿ!" ಕಂಪೌಂಡರ್ ಹೊಡೆಯಲು ಕೈ ಎತ್ತಿದ.

ಮುದುಕಿ ಮಗನ ಮುಂದೆ ಬಂದು ನಿಂತಳು. ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ.

"ಅಯ್ಯೋ ಮಂಕೇ, ಅದು ನನಗೆ ಅವತ್ತೇ ಗೊತ್ತಿತ್ತು ಕಣೋ. ಆಸ್ಪತ್ರೇಲಿ ನಿಮ್ಮಪ್ಪ ಹೇಳಿಯೇ ಪ್ರಾಣ ಬಿಟ್ಟರು. ಹುಡುಗ ಹೆದರಿದಾನೆ, ಏನೂ ಕೇಳಬೇಡ ಅಂದರು. ನಾನು ಏನೂ ಕೇಳಲಿಲ್ಲ."

ಕಂಪೌಂಡರ್ ಎತ್ತಿದ ಕೈಯನ್ನು ಇಳಿಸಿದ.