ಮೈಕಿನಲ್ಲಿ ಬಾರದ ಹೆಸರು

ನಳಿನಿಯ ದನಿಗೆ ಸುಖವೂ ಇಲ್ಲ, ದುಃಖವೂ ಇಲ್ಲ ಎಂಬುದು ಮಲ್ಕಾಜ್‌ಗಿರಿಯ ರೈಲ್ವೆ ಕಾಲೋನಿಗೆಲ್ಲ ಗೊತ್ತಿದ್ದ ವಿಷಯ. ಸಿಕಂದರಾಬಾದ್ ಸ್ಟೇಷನ್ನಿನ ಮೈಕಿನಲ್ಲಿ ತೆಲುಗು, ಹಿಂದಿ, ಇಂಗ್ಲಿಷಿನಲ್ಲಿ ಗಾಡಿಗಳ ಸುದ್ದಿ ಹೇಳುವುದು ಅವಳ ನೌಕರಿ. ಹೊತ್ತಿಗೆ ಸರಿಯಾಗಿ ಬಂದ ಗಾಡಿ, ತಡವಾದ ಗಾಡಿ, ರದ್ದಾದ ಗಾಡಿ, ಎಲ್ಲಕ್ಕೂ ಒಂದೇ ದನಿ. ಹೀಗಾಗಿ ಎಂಬತ್ಮೂರರ ಫೆಬ್ರವರಿಯಲ್ಲಿ ಕನ್ನಡ ಸಂಘದವರು ರೊಟ್ಟಿ ಊಟ ಇಟ್ಟುಕೊಂಡಾಗ, ಮೈಕಿನ ಮುಂದೆ ಯಾರು ನಿಲ್ಲಬೇಕು ಎಂಬ ಚರ್ಚೆಯೇ ಆಗಲಿಲ್ಲ.

ಊಟ ಮಕ್ಕಳ ಸಲುವಾಗಿ. ರಾಯಚೂರಿನ ಕಡೆಯಿಂದ ಕಲ್ಲು ಒಡೆಯಲು ಬಂದವರ ಮಕ್ಕಳು ಸಂಘದ ಹಿಂದಿನ ಬೇವಿನ ಮರದ ಕೆಳಗೆ ಅಕ್ಷರ ಕಲಿಯುತ್ತಿದ್ದರು. ಅವರಿಗೊಂದು ಕೋಣೆ ಬೇಕಿತ್ತು, ಪುಸ್ತಕ ಬೇಕಿತ್ತು, ದಿನಾ ಬರುವ ಟೀಚರು ಬೇಕಿತ್ತು. ಸಂಘದ ಅಧ್ಯಕ್ಷರು ವೀರಭದ್ರಪ್ಪ. ಬಟ್ಟೆ ವ್ಯಾಪಾರಿಗಳು, ಜನರ ನಾಡಿ ಬಲ್ಲವರು.

“ಸುಮ್ನ ಡಬ್ಬಿ ಹಿಡದ್ರ ಚಿಲ್ಲರ ಬೀಳತೈತಿ. ಹೆಸರು ಕೂಗ್ರಿ, ನೋಟು ಬೀಳತಾವು” ಎಂದು ಅವರು ಅಪ್ಪಣೆ ಮಾಡಿದ್ದರು. ರೊಟ್ಟಿ ಬಡಿದವರು, ಬದನೆಕಾಯಿ ಕೊಟ್ಟವರು, ಪೆಂಡಾಲು ಕಟ್ಟಿದವರು, ಒಬ್ಬರ ಹೆಸರೂ ಬಿಡುವಂತಿರಲಿಲ್ಲ.

ಮೈಕ್ ಸೆಟ್ ತಂದವನು ದತ್ತಾತ್ರೇಯ. ಬಾಲಾನಗರದಲ್ಲಿ ವಿಮಾನದ ರೇಡಿಯೋ ಮಾಡುವ ಕಾರ್ಖಾನೆಯಲ್ಲಿ ಫೋರ್‌ಮನ್. ಭಾನುವಾರ ಬಂತೆಂದರೆ ಬೇವಿನ ಮರದ ಕೆಳಗೆ ಲೆಕ್ಕದ ಮೇಷ್ಟ್ರು. ಕಿವಿಯ ಮೇಲೆ ನರೆ ಬಂದರೂ ಮದುವೆಯಿಲ್ಲ. ಯಾಕೆಂದು ಕೇಳಿದವರಿಗೆಲ್ಲ, “ಯಾರೂ ಕೇಳಲಿಲ್ಲರಿ” ಎಂದು ನಗುತ್ತಿದ್ದ.

“ಮೈಕಿಗೆ ಅಷ್ಟು ಹತ್ರ ನಿಂದರಬ್ಯಾಡ್ರಿ,” ಊಟದ ದಿನ ವೈರು ಸರಿಮಾಡುತ್ತ ನಳಿನಿಗೆ ಹೇಳಿದ, “ಅದಕ್ಕ ನಾಚಿಕಿ ಬರ್ತದ.”

“ಮೈಕಿಗೆಲ್ಲಿ ನಾಚಿಕಿ?”

“ಇಬ್ಬರೊಳಗ ಒಬ್ಬರಿಗರೆ ಇರಬೇಕಲ್ರಿ.”

ಹೇಳಿದ್ದು ಅವನು, ಕೆಂಪಾದದ್ದೂ ಅವನ ಕಿವಿಯೇ. ನಳಿನಿ ಅದನ್ನು ನೋಡಿದಳು. ನೋಡಿದಳು, ಅಷ್ಟೇ. ಬೇರೆ ಹೆಣ್ಣಾಗಿದ್ದರೆ ಸೆರಗಿನ ಮರೆಯಲ್ಲಿ ನಗುತ್ತಿದ್ದಳೇನೋ. ನಳಿನಿ ಮೈಕಿನ ಎತ್ತರ ಸರಿ ಇದೆಯೇ ಎಂದು ನೋಡಿಕೊಂಡಳು.

ಹಿಂದಿನ ವಾರ ಇಬ್ಬರೂ ಉಪ್ಪಲ್‌ಗೆ ಹೋಗಿ, ಅಲ್ಲಿಯ ಕನ್ನಡದ ಮನೆಗಳಲ್ಲಿ ಊಟದ ಟಿಕೆಟು ಕೊಟ್ಟು ಬಂದಿದ್ದರು. ವಾಪಸು ಬರುವಾಗ ಬಸ್ ಸ್ಟಾಪಿನಲ್ಲಿ ಅವನು ಕೇಳಿದ್ದ. ಸುತ್ತುಬಳಸು ಏನೂ ಇರಲಿಲ್ಲ.

“ನನ್ನ ಕೂಡ ಮದಿವಿ ಆಗ್ತೀರೇನು?”

ನಳಿನಿ ಬಸ್ಸು ಬರುವ ದಾರಿಯನ್ನೇ ನೋಡುತ್ತ ಹೇಳಿದ್ದಳು, “ನನಗ ಏನೂ ಅನಸೂದಿಲ್ಲರಿ. ಸಿಟ್ಟಿಲ್ಲ, ಸಂತೋಷಿಲ್ಲ. ಹಲ್ಲಿನ ಡಾಕ್ಟರ್ ಸೂಜಿ ಕೊಟ್ಟಮ್ಯಾಲೆ ದವಡಿ ಇರ್ತದಲ್ಲ, ಹಂಗ ಇದ್ದೀನಿ.”

“ಬ್ಯಾಡ ಅಂತನೂ ಅನಸೂದಿಲ್ಲೇನು?”

“ಅದೂ ಇಲ್ಲ.”

ಅವನು ಉಳಿದ ಟಿಕೆಟುಗಳನ್ನು ಜೇಬಿಗೆ ಹಾಕಿಕೊಂಡ. “ಕಾರ್ಖಾನಿಯವರು ಕಾನ್ಪುರಕ್ಕ ಕಳಸ್ತೀವಿ ಅಂತ ಹೇಳ್ಯಾರ. ಬರೋ ಸೋಮವಾರ ಹೂಂ ಅಥವಾ ಉಹೂಂ ಹೇಳಬೇಕು. ಅಲ್ಲೀತನಕಾ ಕಾಯ್ತೀನಿ. ಮತ್ತೊಮ್ಮೆ ಕೇಳಿ ನಿಮಗ ತ್ರಾಸ ಕೊಡೂದಿಲ್ಲ.”

ಆ ಸೋಮವಾರ ಎಂದರೆ ನಾಳೆ.

ನಳಿನಿ ಹುಟ್ಟಾ ಹೀಗಿದ್ದವಳಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಕೃಷ್ಣಾಬಾಯಿ ಒಂದು ಪಾಠ ಹೇಳಿಕೊಟ್ಟಿದ್ದರು: ಗಂಡನ ಹೆಸರು ಹಿಡಿಯಬಾರದು, ಹಿಡಿದರೆ ಅವನ ಆಯುಷ್ಯಕ್ಕೆ ಕುತ್ತು. ನಳಿನಿ ಹಿಡಿಯಲಿಲ್ಲ. “ಏನ್ರಿ”, “ಇಲ್ಲೆ ಕೇಳ್ರಿ”, ಬೇರೆಯವರ ಮುಂದೆ “ಇವರು”. ಗಾರ್ಡ್ ಕೆಲಸದ ಗಂಡ ಡ್ಯೂಟಿ ಮುಗಿಸಿ ಬಂದವನು ಬಾಗಿಲಿಗೆ ಅಡ್ಡ ನಿಂತು ಕಾಡುತ್ತಿದ್ದ: “ಒಮ್ಮೆ ಹೇಳು, ನಿನ್ನ ಬಾಯಾಗ ನನ್ನ ಹೆಸರು ಹೆಂಗ ಕೇಳಸ್ತದ ನೋಡೋಣ.” ಅವಳು ನಗುತ್ತ ಅವನ ತೋಳಿನ ಕೆಳಗೆ ನುಸುಳಿ ಓಡುತ್ತಿದ್ದಳು.

ಕಾಮಾಲೆ ಬಂದು ಅವನು ಹೋದ. ಆಮೇಲೆ ಆಫೀಸುಗಳಿಗೆ ಅಲೆದಾಟ. ಮೊದಲನೆಯ ಕಿಟಕಿಯಲ್ಲೇ ಗುಮಾಸ್ತ ತಲೆ ಎತ್ತದೆ ತೆಲುಗಿನಲ್ಲಿ ಕೇಳಿದ್ದ, ಸತ್ತವರ ಹೆಸರೇನಮ್ಮಾ? ನಳಿನಿ ಬಾಯಿ ಬಿಟ್ಟಳು, ಮುಚ್ಚಿದಳು. ಜೋರಾಗಿ ಹೇಳಮ್ಮಾ, ಹಿಂದೆ ಜನ ನಿಂತಿದ್ದಾರೆ.

“ಪ್ರಹ್ಲಾದ.”

ತನ್ನ ಬಾಯಿಂದ ಆ ಹೆಸರು ಮೊದಲ ಸಲ ಹೊರಬಿದ್ದದ್ದು ಹಾಗೆ, ಕಬ್ಬಿಣದ ಜಾಲರಿಯೊಳಗಿನ ಒಬ್ಬ ಅಪರಿಚಿತನ ಮುಂದೆ. ಎಷ್ಟು ಚೆಂದದ ಹೆಸರು ಎಂದು ಅವಳಿಗೆ ಆಗಲೇ ಗೊತ್ತಾಯಿತು. ಕೇಳಬೇಕಾದವನು ಮಾತ್ರ ಇರಲಿಲ್ಲ. ಆವತ್ತು ಜೋಮು ಹಿಡಿದ ಮನಸ್ಸು ಮತ್ತೆ ಬಿಡಲಿಲ್ಲ. ಅನುಕಂಪದ ನೌಕರಿ ಸಿಕ್ಕಿತು, ಮೈಕಿನ ಮುಂದೆ ಕೂತಳು, ಅತ್ತೆಸೊಸೆ ಇಬ್ಬರ ಬದುಕು ಹೇಗೋ ಸಾಗಿತು.

ಪೆಂಡಾಲಿನಲ್ಲಿ ಮೊದಲ ಪಂಕ್ತಿ ಕೂತಿತು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು. ನಳಿನಿ ಹೆಸರುಗಳನ್ನು ಕರೆಯುತ್ತ ಹೋದಳು.

“ರೊಟ್ಟಿ ಹಿಟ್ಟು ಕೊಟ್ಟವರು ಶ್ರೀ ಕಲ್ಯಾಣಪ್ಪನವರು. ಮೊಸರು ಕಳಿಸಿದವರು ಶ್ರೀಮತಿ ತುಳಸಾಬಾಯಿಯವರು. ರೊಟ್ಟಿ ಬಡಿದವರು ಶ್ರೀಮತಿ ಶಿವದೇವಿಯವರು ಮತ್ತು ಗೆಳತಿಯರು.” ಹೆಸರು ಕೇಳಿದವರು ಎದೆ ಸೆಟೆಸಿ ಕೂತರು, ಕೇಳದವರು ಜೇಬಿಗೆ ಕೈ ಹಾಕಿದರು. ವೀರಭದ್ರಪ್ಪ ಮೀಸೆಯಡಿಯಲ್ಲೇ ನಗುತ್ತಿದ್ದರು. ಕೋಣೆ ಏಳುವುದು ಖಾತ್ರಿ.

“ಮೈಕಿನ ವ್ಯವಸ್ಥೆ ಮಾಡಿ, ಮಕ್ಕಳಿಗೆ ಪ್ರತಿ ವಾರ ಲೆಕ್ಕ ಹೇಳಿಕೊಡುತ್ತಿರುವವರು ಶ್ರೀ...”

ಅಲ್ಲಿಗೆ ನಿಂತಿತು.

ಹೆಸರು ಮರೆತಿರಲಿಲ್ಲ. ಮರೆಯುವಂಥ ಹೆಸರೇ ಅಲ್ಲ. ನಾಲಿಗೆಯ ಮೇಲೆ ಇತ್ತು, ಅಲ್ಲಿಂದ ಮುಂದೆ ಬರಲು ಒಪ್ಪಲಿಲ್ಲ. ನಳಿನಿ ಉಗುಳು ನುಂಗಿದಳು. ಲೌಡ್‌ಸ್ಪೀಕರು ಅದನ್ನೂ ಊರಿಗೆಲ್ಲ ಕೇಳಿಸಿತು. ಕೊನೆಗೆ ಹೊರಬಿದ್ದದ್ದು ಇಷ್ಟೇ:

“...ಇವರು.”

ಗಂಡಸರು ಎಣ್ಣೆಗಾಯಿಯಲ್ಲಿ ಮುಳುಗಿದ್ದರು, ಅವರಿಗೇನೂ ತಿಳಿಯಲಿಲ್ಲ. ಹೆಂಗಸರ ಸಾಲಿನಲ್ಲಿ ಮಾತ್ರ ರೊಟ್ಟಿ ಮುರಿಯುವ ಕೈಗಳು ನಿಂತವು. ಅಲ್ಲಿ ಕೂತ ಒಬ್ಬೊಬ್ಬಳಿಗೂ ಮನೆಯಲ್ಲಿ ಒಬ್ಬ ‘ಇವರು’ ಇದ್ದ. ನಳಿನಿಗೆ ತಿಳಿಯುವ ಮೊದಲೇ ಆ ಇಡೀ ಸಾಲಿಗೆ ಅವಳ ಮನಸ್ಸು ತಿಳಿದುಹೋಯಿತು.

“ಒಂದು ಹೆಸರು ಬಿಟ್ಟೈತಲ್ಲವಾ?” ವೀರಭದ್ರಪ್ಪ ಕೂಗಿದರು.

“ಬಿಡ್ರಿ ಸಾವಕಾರ್ರ,” ಶಿವದೇವಿ ನಗು ತಡೆಯಲಾರದೆ ಹೇಳಿದಳು, “ಆ ಹೆಸರು ಇನ್ನ ಮೈಕಿನಾಗ ಬರಂಗಿಲ್ಲ.”

ನಳಿನಿ ಮೈಕ್ ಬಿಟ್ಟು ಪೆಂಡಾಲಿನ ಹಿಂದಕ್ಕೆ ನಡೆದಳು. ಅಲ್ಲಿ ಒಲೆಯ ಮುಂದೆ ಕೃಷ್ಣಾಬಾಯಿ ರೊಟ್ಟಿ ಬೇಯಿಸುತ್ತಿದ್ದರು. ಸತ್ತವನು ಅವರ ಮಗ. ಅವರಿಗೆ ಏನು ಹೇಳುವುದು?

“ಕೇಳಿಸ್ತು,” ಕೃಷ್ಣಾಬಾಯಿ ತಿರುಗಿ ನೋಡದೆ ಹೇಳಿದರು. “ಅಂವ ಹಚ್ಚಿದ ಮೈಕು ಛಲೋ ಅದ, ಒಲಿ ತನಕಾ ಬರ್ತದ.”

“ಅತ್ಯಾ, ನಾ ಬೇಕಂತ...”

“ಬೇಕಂತ ಮಾಡಿದ್ರ ಸಿಟ್ಟಿಗೇಳ್ತಿದ್ದೆ.” ರೊಟ್ಟಿ ಮಗುಚಿದರು. ಅದು ಉಬ್ಬಿದ ಮೇಲೆ ಇಳಿಸಿ ಬುಟ್ಟಿಗೆ ಹಾಕಿದರು. “ಆಯುಷ್ಯ ಉಳೀಲಿ ಅಂತ ಹೆಸರು ಹಿಡೀಬ್ಯಾಡ ಅಂದಿದ್ದೆ. ಉಳೀತೇನು? ನನ್ನ ಕೂಸು ಕೇಳಿ ಕೇಳಿ ಹೋತು.” ಸೆರಗಿನಿಂದ ಮುಖ ಒರೆಸಿಕೊಂಡರು. “ಇವನ ಹೆಸರರೆ ಇವನ ಕಿವಿಗೆ ಬೀಳಲಿ. ಹೋಗು ತಂಗಿ, ಜಲ್ದಿ ಹೋಗು.”

ದತ್ತಾತ್ರೇಯ ಬೇವಿನ ಮರದ ಕೆಳಗೆ ಆಂಪ್ಲಿಫೈಯರ್ ಮುಂದೆ ಕೂತಿದ್ದ. ಅವಳು ಬಂದದ್ದು ಕಂಡು ಎದ್ದು ನಿಂತ. ಯಾವಾಗಲೂ ಚೇಷ್ಟೆ ಮಾಡುವವನ ಮುಖ ಬಿಳಿಚಿಕೊಂಡಿತ್ತು.

“ಹೆಸರು ಮರತ್ರೇನು?”

“ಇಲ್ಲ.”

“ಮತ್ತ?”

“ಬಾಯಿಗೆ ಬರಲಿಲ್ಲರಿ.”

“ಅದರ ಅರ್ಥ ನನಗ ತಿಳದಂಗೇ ಅದ ಏನು?”

“ಅಲ್ಲೆ ಕೂತವರಿಗೆಲ್ಲಾ ತಿಳದದ. ನನಗ ಈಗ ತಿಳೀಲಿಕ್ಕತ್ತದ.” ಅವಳು ಕೈ ಚಾಚಿ ಮೈಕಿನ ಸ್ವಿಚ್ಚು ಆರಿಸಿದಳು. ಪೆಂಡಾಲಿನ ಗದ್ದಲ ಮಾತ್ರ ಉಳಿಯಿತು. ಅವಳು ಅವನ ಮುಖ ನೋಡಿದಳು, ಕಿವಿ ನೋಡಿದಳು. ಅವು ಆಗಲೇ ಕೆಂಪಾಗುತ್ತಿದ್ದವು.

“ದತ್ತಾತ್ರೇಯ.”

ಎಂಥ ಗಾಡಿ ರದ್ದಾದರೂ ನಡುಗದ ದನಿ ಆ ಹೆಸರಿನ ನಡುವೆ ಒಡೆಯಿತು. ಕಣ್ಣಲ್ಲಿ ನೀರು ಬಂತು. ಅದು ಕೆನ್ನೆಯ ಮೇಲೆ ಇಳಿಯುವುದು, ಬೆಚ್ಚಗಿರುವುದು, ಎಲ್ಲ ಅವಳಿಗೆ ಗೊತ್ತಾಗುತ್ತಿತ್ತು. ನೋವಾಯಿತು. ನೋವಾದದ್ದಕ್ಕೇ ಸಂತೋಷವೂ ಆಯಿತು.

“ಇನ್ನೊಮ್ಮೆ,” ಎಂದ ಅವನು, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

“ನಾಳೆ. ಕಾನ್ಪುರಕ್ಕ ಉಹೂಂ ಅಂತ ಹೇಳಿ ಬರ್ರಿ, ಆಮ್ಯಾಲೆ.”

ಅವನು ಮತ್ತೆ ಸ್ವಿಚ್ಚು ಹಾಕಿದ. ನಳಿನಿ ಕಣ್ಣೊರೆಸಿಕೊಂಡು ಮತ್ತೆ ಮೈಕಿನ ಮುಂದೆ ನಿಂತಳು. ಎರಡನೆಯ ಪಂಕ್ತಿಗೆ ರೊಟ್ಟಿ ಸಿದ್ಧವಾಗಿದೆ, ದಯವಿಟ್ಟು ಎಲ್ಲರೂ ಬರಬೇಕು ಎಂದಳು.

ವೀರಭದ್ರಪ್ಪ ಕೈತೊಳೆಯುತ್ತಿದ್ದವರು ಚಕ್ಕನೆ ತಲೆ ಎತ್ತಿದರು. “ದತ್ತಣ್ಣಾ, ಮೈಕ್ ಕೆಟ್ಟೈತೇನು ನೋಡಪಾ. ನಮ್ಮ ನಳಿನಿಬಾಯರ ದನಿ ಬ್ಯಾರೇನ ಬರಾಕತ್ತೈತಿ.”

“ಇಲ್ಲರಿ,” ಮರದ ಕೆಳಗಿಂದ ಅವನು ಹೇಳಿದ, “ಈಗ ಬರೋಬ್ಬರಿ ಅದ.”