ಹಾಯಿಕಂಬದ ಕೆಳಗಿನ ಕಂಚಿನ ಕಾಸು

"ನಿನ್ನ ಕೊರಳಲ್ಲಿದ್ದ ಕಾಸು ಎಲ್ಲೋ?"

ನಮ್ಮ ಲೆಪ್ಟಿಸ್ ಬಂದರಿನಲ್ಲಿ ಎಲ್ಲರೆದುರೇ ಅರಿಶತ್ ಕೇಳಿಬಿಟ್ಟಳು. ಹೊಸ ದೋಣಿಯ ಮೇಲೆ ಬಗ್ಗಿದ್ದ ಬಡಗಿ ಇದ್ದಿಬಾಲನ ಕೈಯಲ್ಲಿದ್ದ ಉಳಿ ಅಲ್ಲೇ ನಿಂತಿತು.

ಉಗುರಿನಷ್ಟು ಪುಟ್ಟ ಕಂಚಿನ ಕಾಸು. ಒಂದು ಕಡೆ ರೋಮಿನ ದೊರೆಯ ಮುಖ, ಇನ್ನೊಂದು ಕಡೆ ಅದೃಷ್ಟದೇವಿ. ಒಂದು ಹಿಡಿ ಕಡಲೆಯೂ ಬಾರದು ಅದಕ್ಕೆ. ಆದರೆ ಅರಿಶತ್‌ಗೆ ಅವಳ ಅಮ್ಮ ಸಾಯುವಾಗ ಕೊಟ್ಟದ್ದು! ಅದನ್ನೇ ದಾರಕ್ಕೆ ಪೋಣಿಸಿ ಇವನ ಕೊರಳಿಗೆ ಕಟ್ಟಿದ್ದಳು.

"ಈಗ ಕೇಳ್ಬೇಡ ಅರಿಶತ್... ಹೇಳೋ ಹಾಗಿಲ್ಲ."

"ಹಾಗಾದ್ರೆ ವಾಪಸ್ ಕೊಡು."

"ಅದೂ ಆಗಲ್ಲ."

ಕುಡಿದು ಕಳೆದನೇ? ಬೇರೆ ಯಾವಳಿಗಾದರೂ ಕೊಟ್ಟನೇ? ಇವತ್ತು ಸಂಜೆ ಅವಳ ಅಪ್ಪ ಎಣ್ಣೆ ವ್ಯಾಪಾರಿಯ ಮಗನಿಗೆ ಮದುವೆಯ ಮಾತು ಕೊಡುವವನಿದ್ದ. ಅಷ್ಟರೊಳಗೆ ಇವನು ಬಂದು ಹೆಣ್ಣು ಕೇಳಲಿ ಎಂದು ಬೆಳಗಿನಿಂದ ಕಾದಿದ್ದಳು. ಕಾದದ್ದೇ ಬಂತು!

"ಸರಿ ಬಿಡು. ಎಣ್ಣೆಯವನಿಗೇ ಹೂಂ ಅಂತೀನಿ."

"ಹಾಯಿಕಂಬ ಏಳೋವರೆಗೂ ನಿಲ್ಲು... ಅಷ್ಟೇ ಕೇಳೋದು!"

ಆ ದನಿಗೆ ಅವಳ ಕಾಲು ಮುಂದೆ ಹೋಗಲಿಲ್ಲ.

ದೋಣಿ ಚಿಕ್ಕದು. ಎರಡು ವರ್ಷ ದಿನವೂ ಕೂಲಿ ಕೆಲಸ ಮುಗಿಸಿ ಬಂದು ಇದ್ದಿಬಾಲ ತನಗೆಂದೇ ಕಟ್ಟಿಕೊಂಡದ್ದು. ಹತ್ತು ಜನ ಹಗ್ಗ ಎಳೆದರು. ಹಾಯಿಕಂಬ ಮೆಲ್ಲಗೆ ಎದ್ದು ದೋಣಿಯ ತಳದ ಗುಣಿಯಲ್ಲಿ ಧಡ್ ಎಂದು ಕೂತಿತು.

ಆಗ ವಾಡಿಕೆಯಂತೆ ಬಂದರಿನ ಹಿರಿಯ ಒಂದು ಮಾತು ಕೇಳಬೇಕು. ಆ ಹಿರಿಯ ಬೇರಾರೂ ಅಲ್ಲ, ಅರಿಶತ್‌ಳ ಅಪ್ಪ, ಹಾಯಿ ಹೊಲಿಯುವ ಹಿಮಿಲ್ಕೊ.

"ಕಂಬದ ಕೆಳಗೆ ಯಾರ ಕಾಸು?"

ಹೊಸ ದೋಣಿಯ ಕಂಬದ ಕೆಳಗೆ ಒಂದು ಕಾಸು ಇಡಬೇಕು, ಅದು ದೋಣಿಯವನ ಮನೆಯೊಡತಿಯದೇ ಆಗಿರಬೇಕು. ಕಂಬ ನಿಲ್ಲುವ ಮೊದಲು ಅದರ ಬಗ್ಗೆ ಬಾಯಿಬಿಟ್ಟರೆ ದೋಣಿಗೆ ಕೇಡು. ಇದು ಇಲ್ಲಿನ ಮಕ್ಕಳಿಗೂ ಗೊತ್ತು. ಕೋಪದ ಕೈಗೆ ಬುದ್ಧಿ ಕೊಟ್ಟ ಅರಿಶತ್‌ಗೆ ಮಾತ್ರ ಮರೆತೇಹೋಗಿತ್ತು!

ಇದ್ದಿಬಾಲ ಬೆವರು ಒರೆಸಿಕೊಂಡ. "ನಿಮ್ಮ ಮಗಳದು, ಯಜಮಾನ್ರೇ."

ಹಗ್ಗ ಹಿಡಿದಿದ್ದವರೆಲ್ಲ ಹಿರಿಯನ ಕಡೆ ತಿರುಗಿದರು.

ಹಿಮಿಲ್ಕೊ ಕಂಬ ನೋಡಿದ. ಮಗಳ ಒದ್ದೆ ಕಣ್ಣು ನೋಡಿದ.

"ಕಳ್ಳ ನನ್ಮಗನೇ! ಕಂಬ ನೆಟ್ಟು ಆಮೇಲೆ ಹೆಣ್ಣು ಕೇಳ್ತೀಯಾ? ನಿಂತ ಕಂಬ ಕೀಳೋಕಾಗುತ್ತಾ ಈಗ?... ಹಾಯಿ ನಾನೇ ಹೊಲೀತೀನಿ ಬಿಡು. ಎಣ್ಣೆಯವನು ಬೇರೆ ಕಡೆ ನೋಡ್ಕೊಳ್ಲಿ!"

ಜನ ಚದುರಿದ ಮೇಲೆ ಅರಿಶತ್ ಕಂಬದ ಬುಡಕ್ಕೆ ಅಂಗೈ ಒತ್ತಿದಳು. ಅಮ್ಮ ಅಲ್ಲೇ ಇದ್ದಾಳೆ ಅನಿಸಿತು.

"ಅದು ನಂಗಿನ್ನು ಸಿಗಲ್ವಾ?"

"ಕಂಬ ಕೀಳ್ಬೇಕಾಗುತ್ತೆ. ಕೀಳ್ಲಾ?"

"ಮುಟ್ಟಿ ನೋಡು!" ಅಳುತ್ತಲೇ ನಕ್ಕಳು. "ಅದು ಎಲ್ಲಿರುತ್ತೋ, ನಾನೂ ಅಲ್ಲೇ."

"ಅಲೆ ಕಂಡ್ರೆ ಹೆದರ್ತೀಯಲ್ಲೇ?"

"ಹೆದರ್ತೀನಿ... ಆಗ ನೀನು ಹಿಡ್ಕೋ."