ನೆರಳಿಗೊಂದು ಆಕ್ಷೇಪಣೆ

"ಆ ಬಿದಿರನ್ನ ಮೊದಲು ಇಳಿಸಿ."

ಪಕ್ಕದ ತಾರಸಿಯಿಂದ ಬಂದ ಧ್ವನಿಗೆ ಯಾಸಿರ್ ತಲೆಯೆತ್ತಿದ. ಸಾಲಾಗಿ ತೂಗುಹಾಕಿದ್ದ ಶಾವಿಗೆಯ ನಡುವೆ ಒಬ್ಬ ಯುವತಿ ನಿಂತಿದ್ದಳು. ಕೈ ತುಂಬ ಹಿಟ್ಟು, ಕಣ್ಣು ತುಂಬ ಸಿಟ್ಟು.

"ಗುರುವಾರದವರೆಗೆ ಇರ್ಲಿ ಮೇಡಂ. ಯಾಕಂದ್ರೆ..."

"ನಮ್ಮ ಆಕ್ಷೇಪಣೆ ಇನ್ನೂ ನಗರಸಭೇಲಿದೆ. ಅಷ್ಟರಲ್ಲೇ ಕಂಬ ನೆಟ್ಟು ಕೆಲಸ ಶುರು ಮಾಡಿದ್ದೀರಿ. ನಾಚಿಕೆ ಆಗಲ್ವಾ?"

"ಒಂದ್ನಿಮಿಷ ನನ್ನ ಮಾತು..."

"ಮಾತೆಲ್ಲ ಆಫೀಸರ ಮುಂದೆ ಆಡಿ."

ತಹಸೀನ್ ಬೆನ್ನು ತಿರುಗಿಸಿದಳು. ಆದರೂ ಮನಸ್ಸಿನಲ್ಲಿ ಏನೋ ಚುಚ್ಚಿತು. ಇಷ್ಟು ಬೈದರೂ ಆತ ಒಂದು ಎದುರುತ್ತರ ಕೊಡಲಿಲ್ಲವಲ್ಲ...

ಅದು ೧೯೯೯ರ ಚಳಿಗಾಲ. ತುಮಕೂರಿನ ಶೆಟ್ಟಿಹಳ್ಳಿಯ ಆ ಬೀದಿಯಲ್ಲಿ ಇದ್ದವೆಲ್ಲ ಒಂದಂತಸ್ತಿನ ಮನೆಗಳು. ತಹಸೀನಳ ಮನೆಯ ಪೂರ್ವಕ್ಕಿದ್ದ ಖಾಲಿ ಸೈಟಿನಲ್ಲಿ ಹನುಮಂತರಾಜು ನಾಲ್ಕಂತಸ್ತಿನ ಅಪಾರ್ಟ್‌ಮೆಂಟ್ ಕಟ್ಟಲು ಹೊರಟಿದ್ದರು. ಯಾಸಿರ್ ಅವರ ಇಂಜಿನಿಯರ್, ಕುಣಿಗಲ್ಲಿನವನು. ಬೀದಿಯವರೆಲ್ಲ ಆಕ್ಷೇಪಣೆ ಸಲ್ಲಿಸಿದ್ದರು. ಗುರುವಾರ ಬೆಳಿಗ್ಗೆ ನಗರಸಭೆಯವರು ಸ್ಥಳ ನೋಡಲು ಬರುವವರಿದ್ದರು.

ಕೆಲವರಿಗೆ ನೀರಿನ ಚಿಂತೆ, ಕೆಲವರಿಗೆ ಚರಂಡಿಯದು. ತಹಸೀನಳಿಗೆ ಬಿಸಿಲಿನ ಚಿಂತೆ. ತಂದೆ ನೂರ್ ಅಹಮದ್ ತೀರಿಕೊಂಡ ಮೇಲೆ ಅವಳನ್ನೂ ಅಜ್ಜಿ ಖಮರುನ್ನೀಸಾರನ್ನೂ ಸಾಕುತ್ತಿದ್ದುದು ರಂಜಾನಿಗೆಂದು ಮಾಡಿ ಮಾರುವ ಶಾವಿಗೆ. ಪ್ರತಿ ವರ್ಷ ಅಜ್ಜಿ ದೇವರನ್ನು ನೆನೆದು, ಮೊದಲ ಎಳೆಯನ್ನು ಹೋದ ಮಗನ ಹೆಸರಿನಲ್ಲಿ ಬಿದಿರಿಗೆ ಹಾಕುತ್ತಿದ್ದರು. ಬೆಳಗಿನ ಬಿಸಿಲು ತಪ್ಪಿದರೆ ಶಾವಿಗೆ ಮುಗ್ಗುತ್ತದೆ. ಆ ಮನೆಯ ಒಲೆಯೂ ಆರುತ್ತದೆ.

ಬುಧವಾರ ಸಂಜೆ ತಹಸೀನಳೇ ಮುಂದೆ ನಿಂತಳು. ಎದುರು ಮನೆಯ ಪುಟ್ಟರಂಗಯ್ಯ ಹಗ್ಗ ತಂದರು. ಬೀದಿಯವರೆಲ್ಲ ಸೇರಿ ಎಳೆದ ಎಳೆತಕ್ಕೆ ಬಿದಿರು ನೆಲಕ್ಕೆ ಬಿದ್ದು ಸೀಳಿತು.

"ಭೇಷ್ ಕಣವ್ವಾ. ಇನ್ನು ಅದ್ಯಾವನು ಕಟ್ತಾನೋ ನೋಡವಾ," ಎಂದು ಪುಟ್ಟರಂಗಯ್ಯ ಮೀಸೆ ತಿರುವಿದರು.

ಮರುದಿನ ಬೆಳಿಗ್ಗೆ ಯಾಸಿರ್ ಬಂದ. ಸೀಳಿದ ಬಿದಿರನ್ನು ನೋಡಿದ. ಕೂಗಾಡದೆ ನೇರವಾಗಿ ಅವಳ ಬಾಗಿಲಿಗೆ ಬಂದು ನಿಂತ.

"ಅದು ಕೆಲಸದ ಕಂಬ ಅಲ್ಲ ಮೇಡಂ. ಬಿಲ್ಡಿಂಗ್ ಎಷ್ಟೆತ್ತರ ಬರುತ್ತೋ ಅಷ್ಟೆತ್ತರಕ್ಕೆ ನಿಲ್ಲಿಸಿದ್ದೆ. ತುದೀಲಿ ಕೆಂಪು ಬಟ್ಟೆ ಇತ್ತಲ್ಲ, ಅದರ ನೆರಳು ಬೆಳಿಗ್ಗೆ ಎಲ್ಲಿವರೆಗೂ ಬರುತ್ತೆ ಅಂತ ಆಫೀಸರು ಕಣ್ಣಾರೆ ನೋಡ್ಲಿ ಅಂತ."

ಅವಳು ಹೊಸ್ತಿಲು ದಾಟಿ ಹೊರಬಂದಳು. "ನಿಮ್ಮ ಯಜಮಾನ್ರ ವಿರುದ್ಧಾನಾ?"

"ನಕ್ಷೆ ಬರೆದವನು ನಾನೇ. ಕಾಗದದ ಮೇಲೆ ನೆರಳು ಕಾಣ್ಲಿಲ್ಲ... ಅಳತೆಗೆ ಬಂದಾಗ ನಿಮ್ಮ ಶಾವಿಗೆ ಕಾಣ್ತು. ರಾಜು ಸಾರ್‌ಗೆ ಹೇಳ್ದೆ. 'ನೆರಳಿಗೆಲ್ಲ ಹೆದರ್ಕೊಂಡ್ರೆ ಊರು ಬೆಳೆಯುತ್ತೇನಯ್ಯಾ' ಅಂದ್ರು."

ಅಯ್ಯೋ... ನಮ್ಮ ಸಾಕ್ಷಿಯನ್ನು ನಾನೇ ಕೆಡವಿಬಿಟ್ಟೆನಲ್ಲ!

ಒಳಗಿನಿಂದ ಅಜ್ಜಿ ಕೂಗಿದರು. "ಗೊಂಬೆ ಥರ ಯಾಕೆ ನಿಂತಿದೀಯೇ? ತಾರಸಿ ಮೇಲೆ ಬಿದಿರಿಲ್ವಾ?"

ತಹಸೀನ್ ಓಡಿದಳು. ಶಾವಿಗೆಯನ್ನು ಬಿಡಿಸಿ ಚಾಪೆಯ ಮೇಲೆ ಹಾಸಿದಳು. ಅವಳು ಕೊಟ್ಟ ಬಿದಿರುಗಳನ್ನು ಯಾಸಿರ್ ಒಂದಕ್ಕೊಂದು ಸೇರಿಸಿ ಬಿಗಿದ. ಹಗ್ಗದ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ.

"ನಿನ್ನೆ ಬೀಳ್ಸು ಅಂದೆ, ಇವತ್ತು ಎತ್ತು ಅಂತೀಯ. ಈ ಮುದುಕನಿಗೆ ಒಸಿ ಉಸಿರಾಡಾಕೆ ಬುಡವ್ವಾ," ಎನ್ನುತ್ತಲೇ ಪುಟ್ಟರಂಗಯ್ಯ ಕೈಜೋಡಿಸಿದರು.

ಹನುಮಂತರಾಜು ಅಧಿಕಾರಿಗಳೊಡನೆ ಬಂದಾಗ ಕಂಬ ನೆಟ್ಟಗೆ ನಿಂತಿತ್ತು. ಕೆಂಪು ಬಟ್ಟೆಯ ನೆರಳು ಶಾವಿಗೆಯ ಚಾಪೆಯನ್ನು ದಾಟಿ ಆಚೆ ಮನೆಯ ತಾರಸಿಗೆ ಹೋಗಿತ್ತು.

"ಅಷ್ಟೆತ್ತರಕ್ಕೆ ಗೋಡೆ ಬಂದ್ರೆ?" ಹಿರಿಯ ಅಧಿಕಾರಿ ಕೇಳಿದರು.

"ಬೆಳಿಗ್ಗೆ ಈ ತಾರಸಿಗೆ ಬಿಸಿಲೇ ಇರಲ್ಲ ಸಾರ್. ಎರಡೇ ಅಂತಸ್ತು ಮಾಡಿ, ಸೈಟಿನ ಆಚೆ ಅಂಚಿಗೆ ಸರಿಸಿದ್ರೆ ಇವರಿಗೆ ತೊಂದ್ರೆ ಆಗಲ್ಲ," ಎಂದ ಯಾಸಿರ್.

ಎರಡಂತಸ್ತಿಗೇ ಒಪ್ಪಿಗೆ ಎಂದು ತೀರ್ಮಾನವಾಯಿತು. ಹನುಮಂತರಾಜು ಅವನ ಮುಖವನ್ನೂ ನೋಡಲಿಲ್ಲ. "ನಾಳೆಯಿಂದ ಬರ್ಬೇಡ," ಎಂದು ಜೀಪು ಹತ್ತಿದರು.

ಕೆಲಸ ಹೋಗುತ್ತದೆಂದು ಗೊತ್ತಿದ್ದೂ ಮಾಡಿದನೇ? ಒಂದು ಕ್ಷಮೆ ಕೇಳಬೇಕು... ಅವಳು ಮೆಟ್ಟಿಲಿಳಿದು ಬರುವಷ್ಟರಲ್ಲಿ ಅವನ ಬೈಕು ಬೀದಿಯ ತಿರುವು ದಾಟಿತ್ತು.

ರಂಜಾನ್ ಬಂತು. ತಾರಸಿಗೆ ಹೋದಾಗಲೆಲ್ಲ ಅವಳ ಕಣ್ಣು ಮೊದಲು ಹೋಗುತ್ತಿದ್ದುದು ಸೈಟಿನ ಕಡೆಗೆ. ಪ್ರತಿ ನಮಾಜಿನ ಕೊನೆಗೂ ಅವಳ ಬೇಡಿಕೆಯಲ್ಲಿ ಇನ್ನೊಂದು ಹೆಸರು ಸೇರಿಕೊಳ್ಳುತ್ತಿತ್ತು.

ಹಬ್ಬದ ಹಿಂದಿನ ವಾರ, ಒಂದು ಬೆಳಿಗ್ಗೆ, ಯಾಸಿರ್ ಹೆಗಲ ಮೇಲೆ ಬಿದಿರು ಹೊತ್ತು ಮೆಟ್ಟಿಲು ಹತ್ತಿ ಬಂದ.

"ನಿಮ್ಮ ಬಿದಿರು ಸೈಟಲ್ಲೇ ಉಳಿದಿತ್ತು. ಎರಡಂತಸ್ತಿನ ನಕ್ಷೆ ನೀನೇ ಬರಿ ಅಂತ ರಾಜು ಸಾರ್ ವಾಪಸ್ ಕರೆಸಿದಾರೆ. ಬಿಟ್ಟಿದ್ದ ಬೈಗುಳಾನೂ ಬಾಕಿ ಇತ್ತಂತೆ, ಅದನ್ನೂ ಕೊಟ್ರು."

ಅವಳು ನಕ್ಕಳು. ಕಣ್ಣು ಮಾತ್ರ ತೇವವಾಯಿತು.

"ಅವತ್ತು ನಿಮ್ಮ ಮಾತು ಮುಗಿಸೋಕೆ ಬಿಡ್ಲಿಲ್ಲ. ತಪ್ಪಾಯ್ತು. ಇವತ್ತು ಪೂರ್ತಿ ಹೇಳಿ."

ಅವನು ಬಿದಿರನ್ನು ಮೆಲ್ಲಗೆ ಗೋಡೆಗೆ ಒರಗಿಸಿದ.

"ಕುಣಿಗಲ್ಲಿಂದ ಅಮ್ಮೀನ ಕರ್ಕೊಂಡು ಬಂದಿದೀನಿ. ಕೆಳಗೆ ನಿಮ್ಮ ಅಜ್ಜಿ ಹತ್ರ ಕೂತಿದಾರೆ. ನಿಮಗೆ ಒಪ್ಪಿಗೆ ಇಲ್ಲ ಅಂದ್ರೆ... ಹಬ್ಬಕ್ಕೆ ಶಾವಿಗೆ ತಗೊಂಡು ಹೊರಟುಬಿಡ್ತೀವಿ."

ಎಳೆಬಿಸಿಲು ಅವನ ಬೆನ್ನಿಗಿತ್ತು. ನೆರಳು ಉದ್ದಕ್ಕೆ ಚಾಚಿ ಹಸಿ ಶಾವಿಗೆಯ ಮೇಲೆ ಬಿದ್ದಿತ್ತು. ಅದನ್ನು ಕಂಡು ಯಾಸಿರ್ ಗಾಬರಿಯಿಂದ ಪಕ್ಕಕ್ಕೆ ಸರಿಯಹೋದ.

"ಅಲ್ಲೇ ಇರಿ," ಎಂದಳು ತಹಸೀನ್.

"ನೆರಳು ಬೀಳ್ತಿದೆ..."

"ಬೀಳ್ಲಿ ಬಿಡಿ. ಈ ನೆರಳಿಗೆ ನನ್ನ ಆಕ್ಷೇಪಣೆ ಇಲ್ಲ."